ಜೇಡಕ್ಕೆ ಪುದೀನ ಅತ್ತರು

ನವಲಗುಂದ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಜಂತಿಗೂ ಜೇಡಕ್ಕೂ ಹಳೇ ಬೀಗತನ. ದಸರಾಕ್ಕೆ ಮುಂಚೆ ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿ ಬಲೆ ತೆಗೆದರೆ, ದೀಪಾವಳಿಗೆ ಹೊಸದು ತಯಾರು. ಜಮಖಾನಕ್ಕೆ ಹೆಸರಾದ ಊರಲ್ಲಿ ಜೇಡವೊಂದೇ ನೇಯದೆ ಸುಮ್ಮನೆ ಕೂತೀತೇ?

ಈಗ ಹುಬ್ಬಳ್ಳಿಯಿಂದ ಬಂದ ಸೊಸೆಯ ಕೈಯಲ್ಲಿ ಕೋಲಿಲ್ಲ, ಸ್ಪ್ರೇ ಬಾಟಲಿ. ನೀರು, ನಾಲ್ಕಾರು ಹನಿ ಪುದೀನ ಎಣ್ಣೆ, ಎರಡೂ ಬೆರೆಯಲೆಂದು ಚೂರು ಸೋಪು.

“ಯಾಕವಾ, ಜ್ಯಾಡಕ್ಕ ನೆಗಡಿ ಆಗೇತೇನು?” ಅತ್ತೆಯ ಪ್ರಶ್ನೆ.

ವಿಜ್ಞಾನ ತುಸು ಸೊಸೆಯ ಕಡೆಗೇ ಇದೆ. ಜೇಡಕ್ಕೆ ಮೂಗಿಲ್ಲ, ಕಾಲಿನ ರೋಮಗಳಿಂದಲೇ ವಾಸನೆ ಹಿಡಿಯುತ್ತದೆ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 3 ಜಾತಿಯ ಜೇಡಗಳ ಪೈಕಿ 2 ಪುದೀನ ಎಣ್ಣೆಯಿಂದ ದೂರ ಸರಿದವು. ನಿಂಬೆ ಎಣ್ಣೆಗೆ ಮಾತ್ರ ಯಾವುದೂ ಕ್ಯಾರೇ ಅನ್ನಲಿಲ್ಲ. ಆದರೆ ಪುದೀನದ ಘಮಲು ಗಾಳಿಗೆ ಹಾರಿಹೋಗುವಂಥದ್ದು; ನಮ್ಮ ಬಿಸಿಲಿಗಂತೂ ಕೇಳಲೇಬೇಡಿ. ಪದೇ ಪದೇ ಹೊಡೆಯಬೇಕು, ಸಣ್ಣ ಬಾಟಲಿಗೆ ದೊಡ್ಡ ರೊಕ್ಕ ಎಣಿಸಬೇಕು.

ಅತ್ತೆಯ ವಾದ ಇನ್ನೂ ಮುಗಿದಿಲ್ಲ: “ಜ್ಯಾಡ ಓಡಿಸಿದ ಮ್ಯಾಲ ಗುಂಗಾಡ ಯಾರ ಹಿಡೀತಾರ? ನಿನ್ನ ಗಂಡನ?”