ಗ್ರಂಥಾಲಯ ಉಪಕರಕ್ಕೊಂದು ಬಹಿರಂಗ ಪತ್ರ

ಬೆಂಗಳೂರಿನ ಶ್ರೀಮಾನ್ ಗ್ರಂಥಾಲಯ ಉಪಕರ ಅವರಿಗೆ,

ವರ್ಷವರ್ಷವೂ ಆಸ್ತಿ ತೆರಿಗೆಯ ಬೆನ್ನಿಗೇ ತಾವು ತಪ್ಪದೆ ಹೊರಡುತ್ತೀರಿ, ತಲುಪಬೇಕಾದಲ್ಲಿಗೆ ಪೂರ್ತಿ ತಲುಪುವುದು ಮಾತ್ರ ಅಪರೂಪ. ನೂರು ರೂಪಾಯಿ ತೆರಿಗೆ ಕಟ್ಟಿದವರು ಓದಿನ ಹೆಸರಲ್ಲಿ ಮೇಲೆ ಆರು ರೂಪಾಯಿ ತೆರುತ್ತಾರೆ. ಪಾಲಿಕೆ ಅದನ್ನು ವಸೂಲು ಮಾಡಿ ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕು, ಅಷ್ಟೇ ಅದರ ಕೆಲಸ. ದಾಟಿಸದೆ ಉಳಿಸಿಕೊಂಡ ಬಾಕಿ ನೂರಾರು ಕೋಟಿಗೆ ಏರಿದ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಪಾಲಿಕೆಯ ಕಚೇರಿ ಇದ್ದದ್ದು ಹಡ್ಸನ್ ವೃತ್ತದಲ್ಲಿ. ಅಲ್ಲಿಂದ ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯಕ್ಕೆ ಆರಾಮಾಗಿ ನಡೆದು ಹೋಗಬಹುದು. 1915ರಲ್ಲಿ ಆ ಕಟ್ಟಡ ಎದ್ದದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ನೆನಪಿಗೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಊರಿಗೆ ನೀರು ಬಂದದ್ದು ಅವರ ಆಡಳಿತದಲ್ಲಿ. ಶಿವನಸಮುದ್ರದ ವಿದ್ಯುತ್ ಯೋಜನೆಯೂ ಅವರದೇ; ಅವರು ತೀರಿಕೊಂಡ ಮರುವರ್ಷ, 1902ರಲ್ಲಿ, ಅಲ್ಲಿಯ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. ಕಾಡು, ಬಯಲು, ಊರುಗಳನ್ನು ದಾಟಿ! ತಮಗೆ ಮಾತ್ರ ಒಂದು ಕಚೇರಿಯ ಹೊಸ್ತಿಲು ದಾಟಲಾಗಿಲ್ಲ.

ಕೆಂಪು ಕಟ್ಟಡ ನೆಟ್ಟಗೇ ಇದೆಯಲ್ಲ, ಗಲಾಟೆ ಯಾಕೆ ಅನ್ನುವವರಿದ್ದಾರೆ. ಅದು ರಾಜ್ಯ ಕೇಂದ್ರ ಗ್ರಂಥಾಲಯ, ಫೋಟೊಕ್ಕೆ ಚೆನ್ನಾಗಿ ಒದಗುತ್ತದೆ. ತಾವು ಸಾಕಬೇಕಾದದ್ದು ಬಡಾವಣೆಗಳ ಶಾಖಾ ಗ್ರಂಥಾಲಯಗಳನ್ನು. ಅವುಗಳ ಎದುರು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಗ್ರಂಥಾಲಯವೆಂದರೆ ದೊರೆ ದಿವಾನರ ಔದಾರ್ಯ ಎಂಬ ಕಾಲ ಮುಗಿಯಲೆಂದೇ 1965ರಲ್ಲಿ ಕಾನೂನು ಬಂತು. ಓದಿಗೆ ಖಾಯಂ ವರಮಾನ ಬೇಕು, ಅದನ್ನು ಕಾನೂನೇ ಕಟ್ಟಿಕೊಡಬೇಕು ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ವಾದಿಸುತ್ತಲೇ ಬಂದಿದ್ದರು. ಅವರ ಕೊನೆಯ ವರ್ಷಗಳು ಕಳೆದದ್ದೂ ಇದೇ ಊರಲ್ಲಿ. ಔದಾರ್ಯದ ಕಾಲದ ಕಟ್ಟಡ ಶತಮಾನ ದಾಟಿ ನಿಂತಿದೆ, ಕಾನೂನಿನ ಕಾಲದ ಹಣ ದಾರಿ ತಪ್ಪಿದೆ. ಪ್ರಜಾಪ್ರಭುತ್ವದ ಮರ್ಯಾದೆಗೆ ಇದು ಒಳ್ಳೆಯದಲ್ಲ ಎಂದು ಮೆಲ್ಲಗೆ ಹೇಳಬೇಕಾಗಿದೆ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಓದುವವರು ಯಾರು ಎಂಬ ತಕರಾರೂ ಉಂಟು. ಹಾಗಾದರೆ ತೆರಿಗೆ ರಸೀದಿಯಿಂದ ತಮ್ಮ ಹೆಸರನ್ನೇ ಹೊಡೆದುಹಾಕಲಿ. ಓದುಗರಿಲ್ಲ, ಆದರೆ ಓದಿನ ಕರ ಇರಲಿ ಎಂಬುದು ಯಾವ ನ್ಯಾಯ? ಪಾಲಿಕೆಗೆ ದುಡ್ಡಿನ ಮುಗ್ಗಟ್ಟು, ರಸ್ತೆಗುಂಡಿ ಮುಚ್ಚುವುದು ಮೊದಲು ಎಂಬ ವಾದ ಮಾತ್ರ ತಳ್ಳಿಹಾಕುವಂಥದ್ದಲ್ಲ. ಗುಂಡಿಗೆ ಬಿದ್ದವನಿಗೆ ಕಾದಂಬರಿ ಕೊಟ್ಟು ಪ್ರಯೋಜನವಿಲ್ಲ, ನಿಜ. ಆದರೆ ಇನ್ನೊಬ್ಬರ ಹೆಸರಲ್ಲಿ ಎತ್ತಿದ ಹಣದಿಂದ ಆದ್ಯತೆ ತೀರ್ಮಾನಿಸುವ ಹಕ್ಕನ್ನು ಕಾನೂನು ಪಾಲಿಕೆಗೆ ಕೊಟ್ಟಿಲ್ಲ. ಅಲ್ಲದೆ ಅದೇ ರಸೀದಿಯಲ್ಲಿ ತಮ್ಮ ಪಕ್ಕ ನಿಲ್ಲುವ ಭಿಕ್ಷುಕರ ಉಪಕರವೂ, ಶೇಕಡಾ ಮೂರು, ಹೀಗೇ ಬಾಕಿ ಬಿದ್ದದ್ದುಂಟು. ಭಿಕ್ಷುಕರ ಪಾಲನ್ನೂ ಬಿಡದವರು ಓದುಗರಿಗೆ ದಯೆ ತೋರಿಸಿಯಾರೆ?

2025ರಲ್ಲಿ ಪಾಲಿಕೆ ಒಡೆದು ಐದಾಯಿತು. ಅಣ್ಣತಮ್ಮಂದಿರು ಪಾಲಾದಾಗ ಹಳೆಯ ಸಾಲ ಯಾರ ತಲೆಗೂ ಅಂಟುವುದಿಲ್ಲ. ಆದ್ದರಿಂದ ತಾವು ಸದ್ಯ ಯಾರ ಖಾತೆಯಲ್ಲಿ ತಂಗಿದ್ದೀರಿ ಎಂದು ವಿಳಾಸ ತಿಳಿಸಿ. ತಡವಾಗಿ ಪುಸ್ತಕ ಮರಳಿಸಿದ ಸದಸ್ಯರಿಂದ ದಂಡ ಕಟ್ಟಿಸಿಕೊಳ್ಳುವ ಪದ್ಧತಿ ಗ್ರಂಥಾಲಯಗಳಲ್ಲಿ ಹಳೆಯದು. ಅದೇ ದರದಲ್ಲಿ, ದಿನದ ಲೆಕ್ಕದಲ್ಲಿ, ಐವರಿಗೂ ನೋಟಿಸು ಕಳಿಸಬೇಕಾಗಿದೆ.

ಇತಿ,
ರಸೀದಿ ಜೋಪಾನವಾಗಿಟ್ಟಿರುವ ಓದುಗ