ಕೆಲಸ ಹೋಯಿತು, ಹೆಸರು ಬಂತು

ಕೆಲಸ ಕಳೆದುಕೊಂಡು ಹೆಸರು ಗಳಿಸುವ ಯೋಗ ಎಲ್ಲರಿಗೂ ಇರುವುದಿಲ್ಲ. ‘ಲೇಡೀಸ್ ಅಂಡ್ ಜಂಟಲ್‌ಮೆನ್, ದ ಫ್ಯಾಬ್ಯುಲಸ್ ಸ್ಟೇನ್ಸ್’ ಚಿತ್ರದ ಕೊರಿನ್ ಬರ್ನ್ಸ್‌ಗೆ ಇತ್ತು. ಪೆನ್ಸಿಲ್ವೇನಿಯಾದ ಸೊರಗಿದ ಊರೊಂದರ ತಬ್ಬಲಿ ಹುಡುಗಿ ಟಿ.ವಿ. ಕ್ಯಾಮೆರಾ ಓಡುತ್ತಿರುವಾಗಲೇ ಯಜಮಾನನಿಗೆ ಎದುರುತ್ತರ ಕೊಟ್ಟು ಕೆಲಸ ಬಿಡಿಸಿಕೊಳ್ಳುತ್ತಾಳೆ. ನೋಡಿದ ಹುಡುಗಿಯರಿಂದ ಟಿ.ವಿ. ಕಚೇರಿಗೆ ಪತ್ರಗಳು ಬರುತ್ತವೆ. ಪತ್ರ ಬಂದ ಮೇಲೆ ಟಿ.ವಿ.ಯವರು ಸುಮ್ಮನಿರುತ್ತಾರೆಯೇ?

ಕೊರಿನ್ ತನ್ನ ತಂಗಿಯನ್ನೂ ಕಸಿನ್‌ಳನ್ನೂ ಕಟ್ಟಿಕೊಂಡು ಪಂಕ್ ಬ್ಯಾಂಡ್ ಶುರುಮಾಡುತ್ತಾಳೆ. ಹಾಡಲು ಬಾರದು, ನುಡಿಸಲು ಬಾರದು. ಬೈಯಲು ಮಾತ್ರ ಚೆನ್ನಾಗಿ ಬರುತ್ತದೆ. ಕೂದಲಿಗೆ ಎರಡು ಬಣ್ಣ, ಕಣ್ಣಿನ ಸುತ್ತ ಕೆಂಪು. ಟಿ.ವಿ.ಯಲ್ಲಿ ವಾರ್ತೆ ಓದುವ ಗಂಡಸು ಅವಳನ್ನು ಕಂಡು ಮೂಗು ಮುರಿಯುತ್ತಾನೆ, ಜೊತೆಗಾತಿ ಹೊಗಳುತ್ತಾಳೆ. ಲಾಭವೆಲ್ಲ ಕೊರಿನ್‌ಗೆ. ಕೆಲವೇ ದಿನಗಳಲ್ಲಿ ಅವಳ ಹಾಗೆಯೇ ತಲೆ ಬಣ್ಣ ಬಳಿದುಕೊಂಡ ಹುಡುಗಿಯರ ಹಿಂಡು ತಯಾರು. ಯಾರ ಹಾಗೂ ಇರಬೇಡಿ ಎಂದವಳ ಹಾಗೆಯೇ ಎಲ್ಲರೂ! ಅವಳನ್ನು ಏರಿಸಿದ ಗುಂಪೇ, ನಿಮ್ಮನ್ನು ಮಾರಿಕೊಂಡಿದ್ದಾರೆ ಎಂದು ಇನ್ನೊಂದು ಬ್ಯಾಂಡಿನ ಗಾಯಕ ಕೂಗಿದ್ದೇ ತಡ, ತಿರುಗಿ ಬೀಳುತ್ತದೆ. ಚಿತ್ರದ ಅತಿ ಚುರುಕಾದ ಭಾಗ ಇದೇ.

1980ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಚಿತ್ರೀಕರಣ ನಡೆದಾಗ ಕೊರಿನ್ ಆಗಿದ್ದ ಡಯೇನ್ ಲೇನ್‌ಗೆ 15 ವರ್ಷ, ಕಸಿನ್ ಆಗಿದ್ದ ಲಾರಾ ಡರ್ನ್‌ಗೆ 13. ಎದುರು ಬ್ಯಾಂಡಿನಲ್ಲಿ ನಟ ರೇ ವಿನ್‌ಸ್ಟನ್ ಜೊತೆ ನಿಜವಾದ ಪಂಕ್ ಬ್ಯಾಂಡುಗಳಾದ ಸೆಕ್ಸ್ ಪಿಸ್ಟಲ್ಸ್‌ನ ಸ್ಟೀವ್ ಜೋನ್ಸ್, ಪಾಲ್ ಕುಕ್, ಕ್ಲ್ಯಾಶ್‌ನ ಪಾಲ್ ಸಿಮನನ್. ಒಂದೇ ಚಿತ್ರಕ್ಕೆ ಇಷ್ಟು ಅಸಲಿ ಪಂಕರು ಸಿಕ್ಕಿದ್ದೇ ಸೋಜಿಗ. ನಿರ್ದೇಶಕ ಲೂ ಆಡ್ಲರ್. ಬರೆದವರು ‘ಕಮಿಂಗ್ ಹೋಮ್’ಗೆ ಆಸ್ಕರ್ ಪಡೆದ ನ್ಯಾನ್ಸಿ ಡೌಡ್, ಆದರೆ ತೆರೆಯ ಮೇಲೆ ಕಾಣುವುದು ರಾಬ್ ಮಾರ್ಟನ್ ಎಂಬ ಗಂಡಸಿನ ಹೆಸರು. ಹುಡುಗಿಯರ ಬಂಡಾಯದ ಕಥೆಗೆ ಇದೂ ಒಂದು ಅಲಂಕಾರ.

ಚಿತ್ರವನ್ನು ಹಾಗೆಯೇ ಬಿಡುಗಡೆ ಮಾಡಲು ಪ್ಯಾರಾಮೌಂಟ್ ಸ್ಟುಡಿಯೋದವರಿಗೆ ಧೈರ್ಯ ಸಾಲಲಿಲ್ಲ. ಬಹಳ ದಿನಗಳ ನಂತರ ಹೊಸ ಮುಕ್ತಾಯ ಅಂಟಿಸಿದರು: ಹುಡುಗಿಯರು ಮ್ಯೂಸಿಕ್ ವಿಡಿಯೋದಲ್ಲಿ ಮಿಂಚುತ್ತಾರೆ. ಅಷ್ಟರಲ್ಲಿ ಹುಡುಗಿಯರು ಬೆಳೆದುಬಿಟ್ಟಿದ್ದರು. ಒಂದು ದೃಶ್ಯ ಕಳೆದು ಇನ್ನೊಂದು ಬರುವುದರೊಳಗೆ ನಾಯಕಿಯರು ಹೀಗೆ ಎತ್ತರವಾಗುವುದು ಪೌರಾಣಿಕ ಚಿತ್ರಗಳಲ್ಲೂ ಅಪರೂಪ. ಇಷ್ಟೆಲ್ಲ ಮಾಡಿಯೂ ನೆಟ್ಟಗೆ ಬಿಡುಗಡೆಯಿಲ್ಲ, ಚಿತ್ರ ಡಬ್ಬದಲ್ಲೇ ಉಳಿಯಿತು ಎಂದರೂ ಸರಿ.

ಕೊನೆಗೆ ಅದನ್ನು ಹೊರಗೆ ತೆಗೆದವರಾರು? ಟಿ.ವಿ.ಯವರೇ. ಅಮೆರಿಕದ ‘ನೈಟ್ ಫ್ಲೈಟ್’ ಎಂಬ ತಡರಾತ್ರಿಯ ಕಾರ್ಯಕ್ರಮದಲ್ಲಿ ಚಿತ್ರ ಬಂತು. ಅಪ್ಪ ಅಮ್ಮ ಮಲಗಿದ ಮೇಲೆ ನೋಡಿದವರು ಕ್ಯಾಸೆಟ್ಟಿಗೆ ಇಳಿಸಿಕೊಂಡು ಕೈಯಿಂದ ಕೈಗೆ ದಾಟಿಸಿದರು. ಡಿವಿಡಿ ಬರಲು 2008 ಆಗಬೇಕಾಯಿತು. ಆ ಹೊತ್ತಿಗೆ ಅದನ್ನು ಕದ್ದು ನೋಡಿದ್ದ ಹುಡುಗಿಯರಿಗೇ ಹರೆಯದ ಮಕ್ಕಳಿದ್ದಿರಬೇಕು.