ಲೋಕಭಾಷೆಯೂ ಮಹಾಕೂಟದ ಕಂಬವೂ

ಜಗತ್ತಿಗೆಲ್ಲ ಯಾವ ಭಾಷೆ ಸಾಮಾನ್ಯವಾಗಬೇಕೆಂಬ ಗಹನ ಪ್ರಶ್ನೆಯು, ಬಾದಾಮಿ ಬಳಿಯ ಮಹಾಕೂಟದ ವಿಷ್ಣು ಪುಷ್ಕರಿಣಿಯಲ್ಲಿ ಕೊರಳವರೆಗೆ ಮುಳುಗಿದವನಿಗೆ ಬಗೆಹರಿಯುವಷ್ಟು ಸಲೀಸಾಗಿ ಮಹಾಸಭೆಗಳ ಕುರ್ಚಿಗಳಲ್ಲಿ ಕುಳಿತವರಿಗೆ ಬಗೆಹರಿಯಲಾರದೆಂಬುದು ನನ್ನ ದೃಢವಾದ ನಂಬಿಕೆ. ಗಂಗಾತೀರದಲ್ಲಿ ಜಯಸ್ತಂಭ ನೆಡಬೇಕೆಂದಿದ್ದ ಚಾಲುಕ್ಯ ಮಂಗಳೇಶನು ಮೊದಲು ಇಲ್ಲಿ ಧರ್ಮದ ಕಂಬವೊಂದನ್ನು ನಿಲ್ಲಿಸಿ, ಅಣ್ಣ ಕೀರ್ತಿವರ್ಮನು ವಂಗ, ಕಳಿಂಗ, ಮಗಧ, ಪಾಂಡ್ಯಾದಿ ರಾಜರನ್ನು ಗೆದ್ದ ವಾರ್ತೆಯನ್ನು ಲೋಕವೆಲ್ಲ ಅರಿಯಲೆಂದು ಸಂಸ್ಕೃತದಲ್ಲಿ ಕೊರೆಯಿಸಿದನು. ಭಾಷೆಯೇನೋ ಲೋಕಕ್ಕೆಲ್ಲ ಸಲ್ಲುವುದೇ. ಲಿಪಿ ಮಾತ್ರ ನಮ್ಮ ಕಡೆಯದು! ಮಗಧದ ಪಂಡಿತನು ಅರ್ಥ ಬಲ್ಲವನಾಗಿಯೂ ಅಕ್ಷರವರಿಯದೆ, ಬಾದಾಮಿಯ ಬಾಲಕನು ಅಕ್ಷರ ಬಲ್ಲವನಾಗಿಯೂ ಅರ್ಥವರಿಯದೆ, ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಲ್ಲಬೇಕಾಗುತ್ತಿತ್ತು. (ಈ ಫಜೀತಿ ಅರಮನೆಗೂ ಮುಟ್ಟಿತೋ ಏನೋ, ಮುಂದೆ 754ರ ಸುಮಾರಿಗೆ ಪಟ್ಟದಕಲ್ಲಿನ ಕಂಬದಲ್ಲಿ ಸಂಸ್ಕೃತ ಶಾಸನವೊಂದನ್ನು ಉತ್ತರದ ಲಿಪಿಯಲ್ಲೂ ದಕ್ಷಿಣದ ಲಿಪಿಯಲ್ಲೂ ಹೀಗೆ ಎರಡು ಸಲ ಕೊರೆದರು.)

ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಗೆ ಇಂಥ ಗೊಡವೆ ಇರಲಿಲ್ಲ. ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದ್ದನ್ನು ಮಹಾಕೂಟದ ಗುಡಿಯಲ್ಲಿ ಕನ್ನಡದಲ್ಲೇ ಬರೆಯಿಸಿದಳು. ಮಹಾಕೂಟೇಶ್ವರನು ದುಭಾಷಿಯನ್ನು ಕರೆಸಿದನೆಂದು ಯಾವ ಶಾಸನವೂ ಹೇಳುವುದಿಲ್ಲ. ಮಂಗಳೇಶನ ಕಂಬವೋ, ಬಿಜಾಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯವನ್ನು ಸೇರಿತು. ಗಂಗೆ ಇನ್ನೂ ದೂರವೇ ಉಳಿಯಿತು.

1887ರಲ್ಲಿ ವಾರ್ಸಾದಿಂದ, ಜಗತ್ತಿಗೆಲ್ಲ ಸಾಮಾನ್ಯವಾಗಲೆಂದು, ಎಸ್ಪೆರಾಂಟೊ ಭಾಷೆಯನ್ನು ಹೊರಡಿಸಿದ ಕಣ್ಣಿನ ವೈದ್ಯ ಜಾಮೆನ್‌ಹಾಫರದು ವ್ಯಾಕರಣದಲ್ಲಿ ಅಪವಾದಗಳೇ ಇಲ್ಲದ ಸಾಧುಪ್ರಾಣಿಯಂಥ ಭಾಷೆ. ಆದರೂ ಅದು ಲೋಕವನ್ನಾಳಲಿಲ್ಲ. ಪಾಪ, ಅವರಿಗೆ ಕೀರ್ತಿವರ್ಮನಂಥ ಅಣ್ಣನಿರಲಿಲ್ಲ.